ಮೂವತ್ತಾರು ಸೆಕೆಂಡಿನ ಬೆಟ್ಟ

ನಮ್ಮನೆ ಗೋಡೆಯ ಮೇಲೆ ಒಂದು ಬೆಟ್ಟದ ಚಿತ್ರ ಇದೆ. ಬೋಳು ಬೆಟ್ಟಗಳು, ನಡುವೆ ಮಂಜು, ಒಂದಂಚಿನಲ್ಲಿ ನೀರು. ಮನೆಗೆ ಬಂದವರು ನೋಡಿ "ಚೆನ್ನಾಗಿದೆ ಕಣ್ರೀ, ಯಾವಾಗ ಹೋಗಿದ್ರಿ?" ಎಂದು ಕೇಳುತ್ತಾರೆ. "ಇನ್ನೂ ಹೋಗಿಲ್ಲ, ಕಾಯ್ತಾ ಇದ್ದೀನಿ" ಎನ್ನುತ್ತೇನೆ. "ಓ, ವೀಸಾ ಸಿಗಲಿಲ್ವಾ?" ಎಂದು ಒಬ್ಬರು ಮರುಕದಿಂದ ವಿಚಾರಿಸಿದರು. ಸುಮ್ನೆ ತಲೆ ಆಡಿಸಿದೆ. ಆ ಜಾಗವನ್ನು ಇನ್ನೂ ಕಟ್ಟುತ್ತಾ ಇದ್ದಾರೆ ಎಂದಿದ್ದರೆ ಯಾರೋ ನನಗೆ ಸೈಟು ತೋರಿಸಿ ಟೋಪಿ ಹಾಕಿದ್ದಾರೆ ಎಂದುಕೊಳ್ಳುತ್ತಿದ್ದರು.

ಅದು 'ದಿ ಎಲ್ಡರ್ ಸ್ಕ್ರೋಲ್ಸ್ 6' ಎಂಬ ವಿಡಿಯೋ ಗೇಮಿನ ಟೀಸರ್‌ನಿಂದ ತೆಗೆದ ಸ್ಕ್ರೀನ್‌ಶಾಟ್. ಟೀಸರ್ ಬಂದಿದ್ದು 2018ರ ಜೂನ್‌ನಲ್ಲಿ. ಒಟ್ಟು 36 ಸೆಕೆಂಡು. ಮೋಡ, ಬೆಟ್ಟ, ಸಂಗೀತ, ಹೆಸರು, ಮುಗೀತು. ಮನುಷ್ಯರಿಲ್ಲ, ಕತ್ತಿಯಿಲ್ಲ, ತಾರೀಖಂತೂ ಇಲ್ಲವೇ ಇಲ್ಲ. ಆದರೂ ನಾನು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಎಡಗಡೆ ಬೆಟ್ಟದ ತುದಿಯಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತಿತ್ತು. ಅದು ಕಾವಲು ಗೋಪುರವೋ ಪಾಳುಬಿದ್ದ ಕೋಟೆಯೋ ಎಂದು ಎರಡು ರಾತ್ರಿ ನಿದ್ದೆಗೆಟ್ಟು, ಹಳೆಯ ಆಟಗಳ ನಕ್ಷೆ ಪಕ್ಕಕ್ಕಿಟ್ಟುಕೊಂಡು ಹೋಲಿಸಿ, ಕೋಟೆಯೇ ಎಂಬ ತೀರ್ಮಾನಕ್ಕೆ ಬಂದೆ. ಮೂರನೇ ದಿನ ಹೆಂಡತಿ ಬಟ್ಟೆ ತಂದು ಮಾನಿಟರ್ ಒರೆಸಿದಳು. ಕೋಟೆ ಹೋಯಿತು.

ಆ ವಾರವೇ ಒಂದು ಹೊಸ ಗ್ರಾಫಿಕ್ಸ್ ಕಾರ್ಡ್ ಕೊಂಡೆ. ಆಟ ಬಂದ ದಿನ ಪರದಾಡಬಾರದು, ಮೊದಲೇ ಸಿದ್ಧವಾಗಿರಬೇಕು ಅಂತ. 2023ರಲ್ಲಿ ಒಂದು ಕೋರ್ಟ್ ವಿಚಾರಣೆ ನಡೆಯುವಾಗ, ಈ ಆಟ ಬರಲು ಇನ್ನೂ ಐದು ವರ್ಷಕ್ಕಿಂತ ಜಾಸ್ತಿ ಬೇಕು ಎಂಬ ಮಾತು ಹೊರಬಿತ್ತು. ಅದೇ ವರ್ಷ ನನ್ನ ಕಾರ್ಡು ಕಟಕಟ ಎಂದು ಸದ್ದು ಮಾಡಿ ಪ್ರಾಣ ಬಿಟ್ಟಿತು. ಅದಕ್ಕೂ ಸುದ್ದಿ ಮುಟ್ಟಿರಬೇಕು.

ಸರಣಿಯ ಪರಿಚಯ ಇಲ್ಲದವರಿಗೆ ಸ್ವಲ್ಪ ಲೆಕ್ಕ ಹೇಳುತ್ತೇನೆ. ಮೊದಲನೇ ಆಟ 1994ರಲ್ಲಿ ಬಂತು, ಎರಡನೆಯದು 1996ರಲ್ಲಿ. ಮೂರನೆಯದು ಮಾರೋವಿಂಡ್, 2002. ನಾಲ್ಕನೆಯದು ಒಬ್ಲಿವಿಯನ್, 2006. ಐದನೆಯದು ಸ್ಕೈರಿಮ್, 2011ರ ನವೆಂಬರ್ 11. ಅಂದರೆ 11-11-11, ನಾನು ಮರೆಯದ ಒಂದೇ ಒಂದು ತಾರೀಖು (ಮದುವೆಯ ತಾರೀಖಿಗೆ ಮೊಬೈಲಿನಲ್ಲಿ ಅಲಾರಂ ಇದೆ). ನಡುವಿನ ಅಂತರ ಎರಡು ವರ್ಷ, ಆರು, ನಾಲ್ಕು, ಐದು. ಈ ಲೆಕ್ಕದಲ್ಲಿ 2016ರ ಸುಮಾರಿಗೆ ಆರನೆಯದು ಬರಬೇಕಿತ್ತು. 2016ರಲ್ಲಿ ಬಂತು ಕೂಡ. ಏನು ಬಂತು? ಸ್ಕೈರಿಮ್ಮೇ ಬಂತು, ಸ್ಪೆಷಲ್ ಎಡಿಷನ್ ಎಂಬ ಹೆಸರು ಹೊತ್ತು. ಮರುವರ್ಷ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರದಲ್ಲಿ ಬಂತು, ಕಣ್ಣಿಗೆ ಕಟ್ಟಿಕೊಂಡು ಆಡುವ ವಿಆರ್‌ನಲ್ಲಿ ಬಂತು. 2018ರಲ್ಲಿ ತಮಾಷೆಗೆಂದು ಅಲೆಕ್ಸಾದಲ್ಲಿ ಬಾಯಲ್ಲೇ ಹೇಳಿ ಆಡುವ ಹಾಗೆಯೂ ಬಂತು. ಹತ್ತು ವರ್ಷ ತುಂಬಿದ ಖುಷಿಗೆ 2021ರಲ್ಲಿ ಆನಿವರ್ಸರಿ ಎಡಿಷನ್. ಹೊಸ ಅಂಗಿ ಕೇಳಿದರೆ ಹಳೆಯದಕ್ಕೇ ಇಸ್ತ್ರಿ ಹಾಕಿ ಕೊಡ್ತಾರಲ್ಲ ಎಂದು ಬೈದುಕೊಂಡೆ. ಬೈದುಕೊಂಡೇ ಮೂರು ಸಲ ಕೊಂಡೆ. ಸ್ಕೈರಿಮ್ ಆರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ ಎಂದು 2023ರಲ್ಲಿ ಆಟ ಮಾಡಿದವರೇ ಹೇಳಿದರು. ಅಷ್ಟು ಜನ ಎಲ್ಲಿದ್ದಾರಪ್ಪಾ ಎಂದು ಬೆರಗಾಗುವವರು ನಮ್ಮನೆಗೆ ಬಂದು ಮೂರನ್ನು ಎಣಿಸಿಕೊಂಡು ಹೋಗಬಹುದು.

ಸ್ಕೈರಿಮ್ ಬಂದಾಗ ನನ್ನ ಅಕ್ಕನ ಮಗ ಎರಡನೇ ಕ್ಲಾಸು. ನನ್ನ ಪಕ್ಕ ಕುರ್ಚಿಯ ಮೇಲೆ ಮಂಡಿಯೂರಿ ಕೂತು, ಡ್ರ್ಯಾಗನ್ ಬಂದರೆ ಕಣ್ಣು ಮುಚ್ಚಿಕೊಂಡು, "ಮಾಮ, ಹೋಯ್ತಾ? ಹೋಯ್ತಾ?" ಎಂದು ಕೇಳುತ್ತಿದ್ದ. "ಮುಂದಿನ ಆಟ ಬಂದಾಗ ನೀನೇ ಆಡುವೆಯಂತೆ, ಆಗ ದೊಡ್ಡವನಾಗಿರ್ತೀಯ" ಎಂದು ಸಮಾಧಾನ ಮಾಡುತ್ತಿದ್ದೆ. ಹುಡುಗ ದೊಡ್ಡವನಾದ. ಗಡ್ಡ ಬಂತು, ಕೆಲಸ ಸಿಕ್ಕಿತು. ಈಗ ಫೋನ್ ಮಾಡಿದರೆ, "ಮಾಮ, ಅದು ಬಂದಾಗ ನನಗೆ ರಜ ಸಿಗುತ್ತೋ ಇಲ್ವೋ" ಎನ್ನುತ್ತಾನೆ. ಅದೂ ಸಾಲದೆ ಒಂದು ದಿನ ಕೇಳಬಾರದ್ದನ್ನು ಕೇಳಿಬಿಟ್ಟ. "ಅದಿರ್ಲಿ ಮಾಮ, ಸ್ಕೈರಿಮ್ ಕೊನೆಗೆ ಏನಾಗುತ್ತೆ?"

ನನಗೆ ಗೊತ್ತಿಲ್ಲ.

ಹೌದು, ಮೂರು ಸಲ ಕೊಂಡ, ಗೋಡೆಗೆ ಬೆಟ್ಟ ನೇತುಹಾಕಿದ, ಆರನೆಯದು ಯಾಕೆ ಬಂದಿಲ್ಲ ಎಂದು ಸಿಕ್ಕಸಿಕ್ಕವರ ತಲೆ ತಿನ್ನುವ ನಾನು ಐದನೆಯದನ್ನು ಮುಗಿಸಿಲ್ಲ. ಮುಖ್ಯ ಕಥೆಯ ಅರ್ಧವನ್ನೂ ದಾಟಿಲ್ಲ. ಇದನ್ನು ಇಲ್ಲಿ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ, ದಯವಿಟ್ಟು ಅವನಿಗೆ ಹೇಳಬೇಡಿ.

ಕಾರಣ ಸೋಮಾರಿತನ ಅಲ್ಲ, ಸಾಮಾನು. ಆಟದ ಶುರುವಿನಲ್ಲಿ ನೀವು 300ರಷ್ಟು ತೂಕ ಹೊರಬಹುದು. ಒಂದು ಜಾಸ್ತಿಯಾದರೂ ಓಡಲು ಆಗುವುದಿಲ್ಲ, ಮದುವೆ ಮನೆಯಲ್ಲಿ ಉಂಡು ಎದ್ದವರ ಹಾಗೆ ನಡೆಯಬೇಕು. ಸತ್ತ ಡ್ರ್ಯಾಗನ್‌ನ ಒಂದು ಮೂಳೆಯೇ 15 ತೂಗುತ್ತದೆ. ಬುದ್ಧಿ ಇರುವವರು ಬೇಡದ್ದನ್ನು ಬಿಸಾಡುತ್ತಾರೆ. ನಾನು ಪೊರಕೆ, ಬಕೆಟ್ಟು, ಖಾಲಿ ಬಾಟಲಿ, ಯಾರದೋ ಮೇಜಿನ ಮೇಲಿನ ಚಮಚ, ಎಲ್ಲಾ ಎತ್ತಿಕೊಳ್ಳುತ್ತೇನೆ. ಮುಂದೆ ಬೇಕಾಗಬಹುದು ಅಲ್ವಾ? ಹೀಗೆ ಲೋಕ ಉಳಿಸಬೇಕಾದ ವೀರನು ಗುಜರಿ ಹೊತ್ತುಕೊಂಡು ಒಂದು ಬೆಟ್ಟ ಇಳಿಯುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತದೆ. ಲಿಡಿಯಾ ಎಂಬ ಜೊತೆಗಾತಿಯ ತಲೆಗೆ ಒಂದಷ್ಟು ಹೊರಿಸಬಹುದು, ಹೊರುತ್ತಾಳೆ, ಆದರೆ ಇಕ್ಕಟ್ಟಾದ ಬಾಗಿಲು ಎಲ್ಲಿದೆಯೋ ಅಲ್ಲೇ ಬಂದು ಅಡ್ಡ ನಿಲ್ಲುತ್ತಾಳೆ.

ಎರಡನೇ ಕಾರಣ ಬಿಲ್ಲು. ಪ್ರತಿ ಸಲ ಹೊಸ ಪಾತ್ರ ಶುರು ಮಾಡುವಾಗ, ಈ ಸಲ ಮಂತ್ರವಾದಿ, ಅಥವಾ ಈ ಸಲ ಕೊಡಲಿ ಬೀಸುವ ಮಲ್ಲ ಎಂದು ಆಣೆ ಇಟ್ಟುಕೊಳ್ಳುತ್ತೇನೆ. ನಾಲ್ಕು ಗಂಟೆ ಆಡುವಷ್ಟರಲ್ಲಿ ನೋಡಿದರೆ ಕತ್ತಲ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬಾಣ ಬಿಡುತ್ತಿರುತ್ತೇನೆ. ಸ್ಕೈರಿಮ್ ಆಡಿದವರನ್ನು ಕೇಳಿ, ಬಹಳ ಜನರ ಕಥೆ ಇದೇ. ಒಮ್ಮೆ ಆ ಬಾಣ ಗುರಿ ತಪ್ಪಿ ಒಂದು ಕೋಳಿಗೆ ತಾಗಿತು. ಅಲ್ಲಿಯವರೆಗೆ ನಮಸ್ಕಾರ ಹೇಳುತ್ತಿದ್ದ ಊರಿಗೆ ಊರೇ ಕತ್ತಿ ಹಿರಿದು ನನ್ನ ಬೆನ್ನಟ್ಟಿತು. ಡ್ರ್ಯಾಗನ್ ಬಂದಾಗಲೂ ಅವರಲ್ಲಿ ಇಷ್ಟು ಒಗ್ಗಟ್ಟು ನೋಡಿರಲಿಲ್ಲ. ಆ ಪಾತ್ರವನ್ನೂ ಅಲ್ಲಿಗೇ ಕೈಬಿಟ್ಟೆ.

ಅಕ್ಕನ ಮಗನ ಪ್ರಶ್ನೆಯ ನಂತರ ಹಟ ಹಿಡಿದೆ. ಆರನೆಯದು ಬರುವುದರೊಳಗೆ ಇದನ್ನು ಮುಗಿಸಿಯೇ ಸಿದ್ಧ. ಒಂದು ಭಾನುವಾರ ಬೆಳಗಿನಿಂದ ಅಡ್ಡದಾರಿ ಹಿಡಿಯದೆ, ಒಂದೇ ಒಂದು ಬಕೆಟ್ಟು ಮುಟ್ಟದೆ ಕಥೆಯನ್ನೇ ಹಿಡಿದು ಹೋದೆ. ರಾತ್ರಿ ಹತ್ತರ ಹೊತ್ತಿಗೆ ಒಂದು ಎತ್ತರದ ಬಂಡೆಯಿಂದ ಕಾಲು ಜಾರಿತು. ಕಂಪ್ಯೂಟರಿನಲ್ಲಿ ಎಫ್5 ಒತ್ತಿದರೆ ಆಟ ಸೇವ್ ಆಗುತ್ತದೆ, ಎಫ್9 ಒತ್ತಿದರೆ ಸೇವ್ ಮಾಡಿದ ಜಾಗಕ್ಕೆ ವಾಪಸ್. ಬೀಳುತ್ತಾ ಇದ್ದೇನೆ, ಗಾಬರಿ, ಎಫ್9 ಒತ್ತಬೇಕಾದವನು ಎಫ್5 ಒತ್ತಿದೆ. ಗಾಳಿಯಲ್ಲಿ ತಲೆಕೆಳಗಾಗಿರುವ ಆ ಗಳಿಗೆ ಅಚ್ಚುಕಟ್ಟಾಗಿ ಸೇವ್ ಆಯಿತು. ಆಮೇಲೆ ಎಷ್ಟು ಸಲ ತೆರೆದರೂ ಅಷ್ಟೆ. ಕಣ್ಣು ಬಿಡುತ್ತೇನೆ, ಬಂಡೆ ಕಾಣುತ್ತದೆ, ಸಾಯುತ್ತೇನೆ. ಕಣ್ಣು ಬಿಡುತ್ತೇನೆ, ಬಂಡೆ, ಸಾವು. ಅದಕ್ಕೂ ಹಿಂದಿನ ಸೇವ್ ಹುಡುಕಿದೆ, ಸಿಕ್ಕಿತು. ಅದರಲ್ಲಿ ನಾನು ಚೀಸ್ ಕದಿಯುತ್ತಿದ್ದೆ, ಬೆಳಗ್ಗೆ ಒಂಬತ್ತೂವರೆಗೆ.

ಮರುದಿನ ಗಾಜಿನ ಲೋಟ ಕೈ ಜಾರಿ ಬೀಳುವಾಗ ನನ್ನ ಬೆರಳು ಗಾಳಿಯಲ್ಲಿ ಎಫ್9 ಹುಡುಕಿತು. ಹೆಂಡತಿ ಲೋಟವನ್ನಲ್ಲ, ಬೆರಳನ್ನು ನೋಡಿದಳು.

2018ರಲ್ಲಿ ಆರನೇ ಆಟದಿಂದ ನನಗೆ ಏನೇನು ಬೇಕು ಎಂದು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದಿದ್ದೆ. ಹಡಗು ಬೇಕು, ಯುದ್ಧ ಬೇಕು, ಮರುಭೂಮಿ ಬೇಕು, ಎಲ್ಲಕ್ಕಿಂತ ಮೇಲೆ ನಕ್ಷೆ ದೊಡ್ಡದಿರಬೇಕು. ಎರಡನೇ ಆಟ ಡ್ಯಾಗರ್‌ಫಾಲ್‌ನ ಲೋಕ ಗ್ರೇಟ್ ಬ್ರಿಟನ್ ದ್ವೀಪದಷ್ಟು ದೊಡ್ಡದಂತೆ, ಸಾವಿರಾರು ಊರು, ಬಹುಪಾಲನ್ನು ಕಂಪ್ಯೂಟರೇ ಲೆಕ್ಕ ಹಾಕಿ ಹುಟ್ಟಿಸಿದ್ದು. ಅಷ್ಟು ದೊಡ್ಡದಾಗಿ ಮತ್ತೆ ಮಾಡಿ ಎಂದು ಕೆಂಪು ಶಾಯಿಯಲ್ಲಿ ಗೀಟು ಎಳೆದಿದ್ದೆ. ಮೊನ್ನೆ ಆ ಪುಟ ಓದಿ ಮೈ ಜುಮ್ಮೆಂದಿತು. ಅಷ್ಟು ದೂರ ಬಕೆಟ್ಟು ಹೊತ್ತು ಯಾರಪ್ಪಾ ನಡೀತಾರೆ?

ಈಗ ನನ್ನ ಆಸೆಗಳು ಸಣ್ಣವು. ಅಕ್ಷರ ದಪ್ಪ ಇರಲಿ. ಈ ಆಟಗಳೊಳಗೆ ಓದಲು ನೂರಾರು ಪುಸ್ತಕಗಳು ಇರುತ್ತವೆ, 2011ರಲ್ಲಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಓದುತ್ತಿದ್ದೆ, ಈಗ ಕನ್ನಡಕ ಹುಡುಕುವಷ್ಟರಲ್ಲಿ ಹಿಂದಿನಿಂದ ಯಾರೋ ಕೊಚ್ಚಿರುತ್ತಾರೆ. ಜೊತೆಗಾತಿ ಬಾಗಿಲು ಬಿಟ್ಟು ನಿಲ್ಲಲಿ. ಬೀಳುವಾಗ ಎಫ್5 ಒತ್ತಿದರೆ "ಸ್ವಾಮಿ, ನೀವು ಬೀಳ್ತಾ ಇದ್ದೀರಿ, ಆದರೂ ಸೇವ್ ಮಾಡ್ಲಾ?" ಎಂದು ಒಂದು ಮಾತು ಕೇಳಲಿ. ಕುದುರೆ ಕವಚವನ್ನು ಬೇರೆಯಾಗಿ ಮಾರದಿರಲಿ. 2006ರಲ್ಲಿ ಒಬ್ಲಿವಿಯನ್‌ನ ಕುದುರೆಗೆ ಕವಚ ಬೇಕಾದರೆ ಎರಡೂವರೆ ಡಾಲರ್ ಕೊಡಿ ಎಂದಾಗ ಲೋಕವೇ ನಕ್ಕಿತ್ತು. ನಾನೂ ನಕ್ಕೆ, ಆಮೇಲೆ ಕೊಂಡೆ. ಮತ್ತೆ, ಶೆರ್ಲಿ ಕರಿ ಎಂಬ ಅಜ್ಜಿ ಆಟದೊಳಗೆ ಇರಲೇಬೇಕು. 1936ರಲ್ಲಿ ಹುಟ್ಟಿದವರು, ಯೂಟ್ಯೂಬಿನಲ್ಲಿ ಸ್ಕೈರಿಮ್ ಆಡಿ ತೋರಿಸಿ ಹೆಸರಾದವರು. ಅಭಿಮಾನಿಗಳು ಕೇಳಿಕೊಂಡ ಮೇಲೆ, ಆರನೆಯದರಲ್ಲಿ ಅವರದೊಂದು ಪಾತ್ರ ಇರುತ್ತದೆ ಎಂದು ಆಟ ಮಾಡುವವರು 2019ರಲ್ಲಿ ಮಾತು ಕೊಟ್ಟಿದ್ದಾರೆ. ಆ ಮಾತಿಗೋಸ್ಕರವಾದರೂ ಬೇಗ ಬರಲಿ.

ಇನ್ನೊಂದು ಆಸೆ ಹೇಳಿದರೆ ನಗುತ್ತೀರಿ. ಎಲ್ಲಾ ತಪ್ಪುಗಳನ್ನೂ ತಿದ್ದಿಬಿಡಬೇಡಿ. ಸ್ಕೈರಿಮ್ ಶುರುವಾಗುವುದೇ ಕೈ ಕಟ್ಟಿದ ಕೈದಿಗಳನ್ನು ಗಾಡಿಯಲ್ಲಿ ಕರೆದೊಯ್ಯುವ ದೃಶ್ಯದಿಂದ. ಆಟ ತಯಾರಾಗುತ್ತಿದ್ದಾಗ ಆ ಗಾಡಿ ಒಮ್ಮೊಮ್ಮೆ ಗಡಗಡ ನಡುಗಿ ಆಕಾಶಕ್ಕೆ ಹಾರಿಬಿಡುತ್ತಿತ್ತಂತೆ. ಹುಡುಕಿದರೆ, ಕಾರಣ ಒಂದು ಜೇನುನೊಣ! ಮೊದಲು ಆ ನೊಣವನ್ನು ಆಟಗಾರ ಹಿಡಿಯಲು ಆಗುತ್ತಿರಲಿಲ್ಲ. ಅದನ್ನು ಸರಿಮಾಡಲು ಹೋಗಿ ನೊಣ ಎಷ್ಟು ಗಟ್ಟಿಯಾಯಿತೆಂದರೆ ದಾರಿಯಲ್ಲಿ ಅದು ಅಡ್ಡ ಬಂದರೆ ಸರಿಯುವುದಿಲ್ಲ, ಗಾಡಿಯೇ ಸರಿಯಬೇಕು. ಆಟ ಮಾಡಿದವರಲ್ಲೊಬ್ಬರು ಇದನ್ನು 2021ರಲ್ಲಿ ಹೇಳಿಕೊಂಡರು. ಓದಿ ನಗು ತಡೆಯಲಾಗಲಿಲ್ಲ. ಹತ್ತು ವರ್ಷ ಕಾದು ಬಂದ ಆಟದಲ್ಲಿ ಎಲ್ಲಾ ಸರಿಯಾಗಿದ್ದು, ಒಂದೇ ಒಂದು ಗಾಡಿಯೂ ಹಾರದಿದ್ದರೆ ನನಗೆ ಯಾಕೋ ಪರಕೀಯ ಅನ್ನಿಸುತ್ತದೆ.

ಈಗ ಮತ್ತೆ ಮೊದಲಿನಿಂದ ಶುರು ಮಾಡಿದ್ದೇನೆ. ಅದೇ ಗಾಡಿ, ಅದೇ ಕಟ್ಟಿದ ಕೈ. ಅಕ್ಕನ ಮಗನಿಗೆ, "ಕೊನೆ ಹೇಗಿದೆ ಅಂತ ನೆನಪಿಲ್ಲ ಕಣೋ, ಇನ್ನೊಂದ್ಸಲ ಆಡಿ ನೋಡಿ ಹೇಳ್ತೀನಿ" ಎಂದಿದ್ದೇನೆ. ಈ ಸಲ ನಾನು ಮಂತ್ರವಾದಿ. ಎಡಗೈಯಲ್ಲಿ ಬೆಂಕಿ, ಬಲಗೈಯಲ್ಲಿ ಮಿಂಚು, ಮೈಮೇಲೆ ಹಗುರವಾದ ನಿಲುವಂಗಿ, ಚೀಲ ಖಾಲಿ. ನಿನ್ನೆ ರಾತ್ರಿ ಒಂದು ಗುಹೆಯ ಬಾಯಲ್ಲಿ ಯಾರೋ ಸತ್ತು ಬಿದ್ದಿದ್ದರು, ಪಕ್ಕದಲ್ಲಿ ಒಂದು ಬಿಲ್ಲು. ನನಗೇನೂ ಬೇಡ. ಆದರೆ ಮಾರಿದರೆ ನಾಲ್ಕು ಕಾಸು ಬರುತ್ತಲ್ಲ ಅಂತ ಎತ್ತಿಕೊಂಡೆ, ಅಷ್ಟೆ.