ಪ್ಲೇಟಿನ ಮೇಲೆ ಭಾವನ ಹೆಬ್ಬೆರಳು

ಆರಿದ್ರೆ ಮಳೆ ಜಡಿಯಲು ಶುರುವಾದ ಮೇಲೆ ಶಿರಸಿ ಸೀಮೆಯಲ್ಲಿ ಬೂಷ್ಟು ಹಿಡಿಯದ ವಸ್ತು ಯಾವುದಿದೆ ಹೇಳಿ ನೋಡುವಾ. ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು, ದೇವರ ಪಟದ ಹಿಂಬದಿ, ಎಲ್ಲಕ್ಕೂ ಸಮಪಾಲು. ಒರೆಸಿ, ಅಪರೂಪಕ್ಕೆ ಮುಖ ತೋರಿಸುವ ಬಿಸಿಲಿಗೆ ಹಿಡಿದರೆ ಅವೆಲ್ಲ ಒಂದು ಹದಕ್ಕೆ ಬರುತ್ತವೆ. ಗ್ರಾಮಫೋನ್ ಪ್ಲೇಟು ಮಾತ್ರ ಬರುವುದಿಲ್ಲ. ಅದನ್ನು ಒರೆಸಿದರೂ ಕಷ್ಟ, ಬಿಸಿಲಿಗಿಟ್ಟರೆ ಇನ್ನೂ ಕಷ್ಟ. ಭಾದ್ರಪದದಲ್ಲಿ ಕಪಾಟಿನ ಬಾಗಿಲು ತೆಗೆದು, ಕಪ್ಪು ಪ್ಲೇಟಿನ ಮೇಲೆ ಬಿಳಿ ಚುಕ್ಕಿ ಕಂಡು ಹಲ್ಲು ಕಡಿಯುವವರದ್ದೊಂದು ಸಂಘ ಕಟ್ಟಿದರೆ ಅದರ ಕೇಂದ್ರ ಕಚೇರಿ ಈ ಜಿಲ್ಲೆಯಲ್ಲೇ ಆಗಬೇಕು.

ಹಲ್ಲು ಕಡಿಯಲು ಈ ವರ್ಷ ಇನ್ನೊಂದು ಕಾರಣ ಸೇರಿಕೊಂಡಿದೆ: ಎಲ್‌ಇಡಿ ಬಲ್ಬು. ಮಳೆಗಾಲದಲ್ಲಿ ಕಪಾಟಿನ ಕೆಳಗಿನ ಖಾನೆಯಲ್ಲಿ 15 ವ್ಯಾಟಿನ ಹಳೇ ತಂತಿ ಬಲ್ಬು ಉರಿಸಿಡುವುದು ಬಲ್ಲವರ ಪದ್ಧತಿ. ಬೆಳಕಿಗಲ್ಲ, ಕಾವಿಗೆ. ಒಳಗಿನ ಗಾಳಿ ಹೊರಗಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಅದರ ತೇವಾಂಶ ಇಳಿಯುತ್ತದೆ. ಸುಮಾರು ಶೇ. 65-70ರ ಮೇಲೆ ತೇವ ನಿಂತರೆ ತಾನೇ ಬೂಷ್ಟು ಏಳುವುದು. ಆದರೆ ಮನೆಯಲ್ಲಿ ಕರೆಂಟು ಬಿಲ್ಲಿನ ಉಸ್ತುವಾರಿ ಹೊತ್ತವರು ಒಬ್ಬರಿರುತ್ತಾರಲ್ಲ, ಅವರು ಹೇಳದೆ ಕೇಳದೆ ತಂತಿ ಬಲ್ಬು ತೆಗೆದು ಎಲ್‌ಇಡಿ ಸಿಕ್ಕಿಸಿಬಿಡುತ್ತಾರೆ. ಎಲ್‌ಇಡಿಗೆ ಕಾವಿಲ್ಲ. ಈಗ ಬೂಷ್ಟು ಒಳ್ಳೇ ಬೆಳಕಿನಲ್ಲಿ ಬೆಳೆಯುತ್ತದೆ.

ಬಲ್ಬು ಬೇಡ ಎನ್ನುವವರು ನೀಲಿ ಸಿಲಿಕಾ ಜೆಲ್ ಕಾಲು ಕೆಜಿ ತಂದು ಬಟ್ಟೆ ಚೀಲದಲ್ಲಿ ಕಟ್ಟಿಡಬಹುದು. ನೀಲಿ ಹೋಗಿ ಗುಲಾಬಿ ಆಯಿತೆಂದರೆ ಹೊಟ್ಟೆ ತುಂಬಿತು ಎಂದು ಅರ್ಥ. 110-120 ಡಿಗ್ರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆಯ ಬಾಣಲೆಯಲ್ಲಿ ಮಾತ್ರ ಹುರಿಯಬೇಡಿ, ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದ್ದು, ವಿಷ. ಕಪಾಟಿನ ಬಾಗಿಲು ಸಂದಿ ಬಿಟ್ಟಿದ್ದರೆ ಅದೂ ದಂಡ. ಕಾಲು ಕೆಜಿ ಜೆಲ್ಲು ಕಾರವಾರದಿಂದ ಭಟ್ಕಳದವರೆಗಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟು ಒಂದೇ ರಾತ್ರಿಗೆ ಸುಸ್ತಾಗುತ್ತದೆ.

ಹಾಗೆ ನೋಡಿದರೆ ಬೂಷ್ಟಿನದ್ದೂ ತಪ್ಪಿಲ್ಲ. ಎಲ್‌ಪಿ, ಅಂದರೆ ಲಾಂಗ್ ಪ್ಲೇ ಪ್ಲೇಟು, ಪಿವಿಸಿ ಪ್ಲಾಸ್ಟಿಕ್ಕಿನದ್ದು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ಈ ಪ್ಲೇಟನ್ನು ಮಾರುಕಟ್ಟೆಗೆ ಬಿಟ್ಟಿತು. ಬೂಷ್ಟಿಗೆ ಪಿವಿಸಿ ಮೇಲೆ ಅಂಥ ಆಸೆಯಿಲ್ಲ. ಅದರ ಊಟವೇನಿದ್ದರೂ ಕಾಗದದ ಕವರು, ಕವರಿನ ಅಂಟು, ಎಲ್ಲಕ್ಕಿಂತ ರುಚಿಯಾದ ಬೆರಳಿನ ಜಿಡ್ಡು. ಈ ಜಿಡ್ಡನ್ನು ಬಡಿಸಲೆಂದೇ ಪ್ರತಿ ಮನೆಗೂ ಒಬ್ಬ ಭಾವ ಇರುತ್ತಾನೆ.

ಭಾವ ಬರುವುದು ಚೌತಿಗೆ ಮೊದಲು, ಚಕ್ಲಿ ಕಂಬಳಕ್ಕೆ. ನಾಲ್ಕು ಮನೆಯವರು ಸೇರಿ ಚಕ್ಲಿ ಸುತ್ತುವಾಗ ಭಾವನ ಪಾಲಿಗೆ ಬರುವುದು ರುಚಿ ನೋಡುವ ಕೆಲಸ. ಅದನ್ನು ಮುತುವರ್ಜಿಯಿಂದ ಮುಗಿಸಿ, ಕವಳದ ಬಟ್ಟಲು ಎಳೆದುಕೊಂಡು, ಎಲೆ, ಅಡಿಕೆ, ಸುಣ್ಣ, ಚೂರು ತಂಬಾಕು ಎಲ್ಲ ಸೇರಿಸಿ ಬಾಯಿಗಿಟ್ಟು, ಕೈ ತೊಳೆಯದೆ ಕಪಾಟಿನ ಹತ್ತಿರ ಬರುತ್ತಾನೆ. ಕವರಿನಿಂದ ಪ್ಲೇಟು ಎಳೆಯುತ್ತಾನೆ. ಪ್ಲೇಟನ್ನು ಹಿಡಿಯಬೇಕಾದ್ದು ಅಂಚು ಅಂಗೈಗೆ ತಾಗಿ, ಬೆರಳ ತುದಿ ನಡುವಿನ ಲೇಬಲ್ ಮೇಲೆ ಬರುವ ಹಾಗೆ. ಭಾವನ ಕ್ರಮ ಬೇರೆ. ನಾಲ್ಕು ಬೆರಳು ಕೆಳಗೆ, ಹೆಬ್ಬೆರಳು ಮೇಲೆ, ಸರಿಯಾಗಿ ಹಾಡಿನ ಮೇಲೆಯೇ.

ಈ ಹೆಬ್ಬೆರಳಿನ ಲೆಕ್ಕ ಸ್ವಲ್ಪ ಹಾಕಿಬಿಡುವಾ. 12 ಇಂಚಿನ ಎಲ್‌ಪಿಯ ಒಂದು ಬದಿ ಸುಮಾರು 22 ನಿಮಿಷ ಓಡುತ್ತದೆ, ಅಂದರೆ 730 ಸುತ್ತಿನ ಹತ್ತಿರ. ಅಷ್ಟೂ ಸುತ್ತು ಇರುವುದು ಸುಮಾರು 8.5 ಸೆಂಮೀ ಅಗಲದ ಪಟ್ಟಿಯಲ್ಲಿ. ಒಂದೇ ಗೆರೆ, ಬಿಡಿಸಿ ಎಳೆದರೆ ಸುಮಾರು 475 ಮೀಟರ್ ಆಗುತ್ತದೆ. ಭಾವನ ಹೆಬ್ಬೆರಳ ಗುರುತು ಒಳಮುಖವಾಗಿ 2 ಸೆಂಮೀ ಬಿತ್ತು ಎಂದರೂ 170 ಸುತ್ತಿಗೆ ಚಕ್ಲಿ ಎಣ್ಣೆ ಹತ್ತಿತು. ಒಂದು ಸುತ್ತಿಗೆ 1.8 ಸೆಕೆಂಡು. ಹಾಗಾಗಿ ಐದು ನಿಮಿಷ, ಪ್ರತಿ 1.8 ಸೆಕೆಂಡಿಗೊಮ್ಮೆ ಭಾವ ರಾಗದ ನಡುವೆ ‘ಚಟ್’ ಎಂದು ತನ್ನ ಹಾಜರಿ ಹಾಕುತ್ತಾನೆ. ನಿಧಾನಗತಿಯ ವಿಲಂಬಿತದಲ್ಲಿ ಗಾಯಕರು ಉಸಿರು ಹಿಡಿದು ಷಡ್ಜಕ್ಕೆ ಬರುತ್ತಿದ್ದಾರೆ, ಚಟ್. ತಬಲಾದವನ ಸಮ (ತಾಳದ ಮೊದಲ ಪೆಟ್ಟು) ಒಂದು ಕಡೆ, ಭಾವನ ಸಮ ಇನ್ನೊಂದು ಕಡೆ.

ಇಷ್ಟಕ್ಕೇ ಬಿಟ್ಟಿದ್ದರೆ ತೊಳೆದುಕೊಳ್ಳಬಹುದಿತ್ತು. ಭಾವ ಪ್ಲೇಟನ್ನು ಕಿಟಕಿ ಬೆಳಕಿಗೆ ಓರೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಧೂಳು ಕಾಣುತ್ತದೆ. ಕಂಡ ಧೂಳನ್ನು ಊದದೆ ಬಿಡುವ ಜಾಯಮಾನ ಅವನದ್ದಲ್ಲ. ಬಾಯಿ ತುಂಬ ಕವಳ ಇಟ್ಟುಕೊಂಡೇ “ಫೂ!”

“ಧೂಳು ಹೋತು ನೋಡು.”

ಧೂಳು ಹೋಗಿದ್ದು ನಿಜ. ಅದರ ಜಾಗದಲ್ಲಿ ಈಗ ಕೆಂಪು ಹನಿ. ಕೆಂಪು ತೊಳೆದರೆ ಹೋಗುತ್ತದೆ, ತಲೆನೋವು ಅದರೊಳಗಿನ ಸುಣ್ಣದ್ದು. ಒಣಗುತ್ತ ಗಾಳಿ ಹೀರಿ ಗಟ್ಟಿಯಾಗಿ ಗೆರೆಯೊಳಗೆ ಕಚ್ಚಿಕೊಳ್ಳುತ್ತದೆ. ಗೆರೆಯ ಅಗಲ ತಲೆಗೂದಲಿನಷ್ಟೂ ಇಲ್ಲ. ಮುಳ್ಳು ಬಂದು ಅದಕ್ಕೆ ಢಿಕ್ಕಿ ಹೊಡೆದು ಹಿಂದಿನ ಸುತ್ತಿಗೆ ಹಾರುತ್ತದೆ, ಹಾಡಿದ್ದೇ ಸಾಲು ಹಾಡುತ್ತದೆ. ಭಾವನ ಬಳಿ ಅದಕ್ಕೂ ಮದ್ದಿದೆ: ಮುಳ್ಳಿನ ತಲೆಯ ಮೇಲೊಂದು ಹಳೇ ಪಾವಲಿ. ಪಾವಲಿಯ ತೂಕ ಸುಮಾರು 2.5 ಗ್ರಾಂ. ಈಗಿನ ಮ್ಯಾಗ್ನೆಟಿಕ್ ಕಾರ್ಟ್ರಿಜ್ಜುಗಳು, ಅಂದರೆ ಮುಳ್ಳು ಕೂತಿರುವ ಆ ತಲೆಗಳು, ಕೇಳುವ ಭಾರವೇ ಒಂದೂವರೆಯಿಂದ ಎರಡು ಗ್ರಾಂ. ಎರಡು ಪಟ್ಟಿಗೂ ಮೀರಿ ಭಾರ ಹೊತ್ತ ವಜ್ರದ ತುದಿ ಹಾಡು ಕೇಳಿಸುವುದನ್ನು ಬಿಟ್ಟು ಗೆರೆ ಉಳಲು ಶುರು ಮಾಡುತ್ತದೆ.

ಕಡೆಗೊಂದು ತೀರ್ಪು: “ಇದೆಂತಕ್ಕೆ ಇಟ್ಗಂಡಿದ್ದೆ ಮಾರಾಯ? ಯೂಟ್ಯೂಬಲ್ಲಿ ಎಲ್ಲಾ ಸಿಕ್ತಲ!” ಸಿಕ್ಕುತ್ತದೆ ಎಂದು ತೋರಿಸಲು ಮೊಬೈಲು ತೆಗೆಯುತ್ತಾನೆ. ಒಳಗೆ ನೆಟ್‌ವರ್ಕ್ ಇಲ್ಲ. ಜಗಲಿಗೆ ಹೋಗುತ್ತಾನೆ, ಒಂದು ಕಡ್ಡಿ. ಅಂಗಳ ದಾಟಿ ಕೊಟ್ಟಿಗೆ ಮೂಲೆಗೆ ಹೋದರೆ ಎರಡು. ಕೊಡೆ ಹಿಡಿದು, ಹೊಂಡ ತಪ್ಪಿಸುತ್ತ, ಮೊಬೈಲು ತಲೆಯ ಮೇಲೆತ್ತಿ ಗದ್ದೆ ಬದುವಿನ ತನಕ ಹೋದವನಿಗೆ ಮೊದಲು ಸಿಗುವುದು ಕೊಳೆರೋಗದ ಔಷಧಿಯ ಜಾಹೀರಾತು.

ಅವನು ತಿರುಗಿ ಬರುವುದರೊಳಗೆ ಪ್ಲೇಟು ತೊಳೆಯುವುದು ಒಳ್ಳೆಯದು. ಬೂಷ್ಟಿದ್ದರೆ ಮೊದಲು ಹೊರಗೆ ಜಗಲಿಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಷ್ಷಿನಲ್ಲಿ ಒಣದಾಗಿಯೇ ಉಜ್ಜಿ. ಮನೆಯೊಳಗೆ ಕೊಡವಿದರೆ ಅದರ ಬೀಜ ಉಳಿದ ಪ್ಲೇಟುಗಳ ಮೇಲೆ ಕೂತು ಮುಂದಿನ ಬೆಳೆಗೆ ತಯಾರಾಗುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ 800 ಎಂಎಲ್, ಐಸೊಪ್ರೊಪೈಲ್ ಆಲ್ಕೊಹಾಲ್ 200 ಎಂಎಲ್, ಪಾತ್ರೆ ತೊಳೆಯುವ ದ್ರಾವಣ ಎರಡೇ ಹನಿ. ಲೇಬಲ್ಲಿಗೆ 10 ಸೆಂಮೀ ಅಗಲದ ಪ್ಲಾಸ್ಟಿಕ್ ಮುಚ್ಚಳ ಅಡ್ಡ ಹಿಡಿದು, ಮೈಕ್ರೋಫೈಬರ್ ಬಟ್ಟೆಯಲ್ಲಿ ಗೆರೆ ಹೋದ ದಿಕ್ಕಿಗೇ ಸುತ್ತು ಒರೆಸಬೇಕು, ಅಡ್ಡಡ್ಡ ಅಲ್ಲ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ. ಹೆಚ್ಚಿನವರು ಈ ಎರಡನೇ ಸಲದ್ದನ್ನು ಹಾರಿಸುತ್ತಾರೆ, ಉಳಿದ ಸೋಪು ಗೆರೆಯಲ್ಲಿ ಒಣಗುತ್ತದೆ, ಮತ್ತೆ ಚಟಚಟ. ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಫ್ಯಾನು ಹಾಕಿ. ಮಳೆಗಾಲದಲ್ಲಿ ಪೂರ್ತಿ ಒಣಗಲು ತಾಸುಗಟ್ಟಲೆ ಬೇಕು. ಅರ್ಧ ಒಣಗಿದ್ದನ್ನು ಕವರಿಗೆ ತುರುಕಿದರೆ ಪಟ್ಟ ಪಾಡೆಲ್ಲ ವ್ಯರ್ಥ. ಪ್ಲೇಟಿನ ಹಳೇ ಒಳ ಕವರು ಒಲೆಗೆ, ಹೊಸದು ಪಾಲಿಥೀನಿನದ್ದು.

ಈ ಹೊತ್ತಿಗೆ ಸಲಹೆಗಳು ಬರಲು ಶುರುವಾಗಿರುತ್ತವೆ. ಬಾವಿ ನೀರು ಸಾಲದಾ? ಸಾಲದು, ಅದರಲ್ಲಿ ಕರಗಿದ್ದೆಲ್ಲ ಒಣಗಿ ಗೆರೆಯಲ್ಲೇ ಉಳಿಯುತ್ತದೆ. ಅಂಟುವಾಳದ ನೊರೆ? ರೇಷ್ಮೆ ಸೀರೆಗೆ ಒಳ್ಳೆಯದು, ಪ್ಲೇಟಿಗೆ ಅಂಟು. ಒರೆಸಿ ಚೂರು ಕೊಬ್ಬರಿ ಎಣ್ಣೆ ಕೈ ಮಾಡಿದರೆ ಫಳಫಳ ಹೊಳೆಯುತ್ತದಲ್ಲ? ಹೊಳೆಯುತ್ತದೆ, ಮಾರಾಯ್ರೆ. ಬೂಷ್ಟಿಗೆ ಹಬ್ಬದೂಟ ಹಾಕಿದ ಹಾಗೂ ಆಗುತ್ತದೆ.

ಮೇಲಿನ ದ್ರಾವಣ 78ರ ಪ್ಲೇಟಿಗೆ, ಅಂದರೆ ನಿಮಿಷಕ್ಕೆ 78 ಸುತ್ತಿನ ಹಳೇ ಪ್ಲೇಟಿಗೆ, ಖಂಡಿತ ಕೂಡದು. ಅದು ಪಿವಿಸಿ ಅಲ್ಲ, ಅರಗು. ಅರಗಿನ ಹುಳದ ರಾಳಕ್ಕೆ ಕಲ್ಲಿನ ಪುಡಿ ಸೇರಿಸಿ ಒತ್ತಿದ್ದು, ಆಲ್ಕೊಹಾಲ್ ತಾಗಿದರೆ ಕರಗುತ್ತದೆ. ಆಲ್ಕೊಹಾಲ್ ಬಿಟ್ಟು ಬರೀ ಡಿಸ್ಟಿಲ್ಡ್ ವಾಟರು, ಒಂದು ಹನಿ ಸೋಪು, ಬೇಗ ಒರೆಸಿ ಒಣಗಿಸುವುದು. ಮಳೆ ಕಳೆಯುವ ತನಕ ಹೊಗೆ ಅಟ್ಟದಲ್ಲಿ ಅಡಿಕೆ ಪಕ್ಕ ಇಡಿ ಎನ್ನುವವರು ಕೂಡ ಇದ್ದಾರೆ. ಅರಗಿನ ಮನೆಯ ಪ್ರಸಂಗ ಅಷ್ಟು ಸಲ ನೋಡಿದ ಸೀಮೆಯವರಿಗೆ ಅರಗಿನ ಹತ್ತಿರ ಬೆಂಕಿ ಒಯ್ಯಬಾರದು ಎಂದು ಬಿಡಿಸಿ ಹೇಳಬೇಕಾ?

ಇನ್ನು ಕರೆಂಟು. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ, ಶರಾವತಿಗೆ ಗೇರುಸೊಪ್ಪ, ಇದು ಸಾಲದೆಂದು ಕೈಗಾದಲ್ಲಿ ಅಣುಸ್ಥಾವರ. ಇಷ್ಟೂ ಒಂದೇ ಜಿಲ್ಲೆಯೊಳಗೆ ಇದ್ದು, ಹಾಡು ವೇಗ ಹಿಡಿದು ದ್ರುತ್ ಶುರುವಾಗುವ ಹೊತ್ತಿಗೆ ಕರೆಂಟು ಹೋಗುತ್ತದೆ. ಪೂರ್ತಿ ಹೋದರೂ ಅಡ್ಡಿಯಿಲ್ಲ, ಅರ್ಧ ಉಳಿದರೆ ತಾಪತ್ರಯ. ವೋಲ್ಟೇಜು 230ರಿಂದ 160ಕ್ಕೆ ಇಳಿದಾಗ ಹಳೇ ಪ್ಲೇಯರಿನ ಮೋಟಾರು ಏದುಸಿರು ಬಿಡುತ್ತದೆ, ಕೋಗಿಲೆ ಕಂಠದವರ ದನಿ ಇಳಿದು ಇಳಿದು ಬಣ್ಣದ ವೇಷದ ಅಟ್ಟಹಾಸಕ್ಕೆ ಬಂದು ನಿಲ್ಲುತ್ತದೆ. ಅಗ್ಗದ ಇನ್ವರ್ಟರಿಗೆ ಸಿಕ್ಕಿಸಿದರೆ ಹಾಡಿನ ಜೊತೆ ‘ಗುಂಯ್’ ಎಂಬ ಉಚಿತ ಶ್ರುತಿ. ಪ್ಲೇಟು ತಿರುಗಿಸುವ ರಬ್ಬರ್ ಬೆಲ್ಟು ಕರಗಿ ಡಾಂಬರಾಗಿದ್ದರೆ ಆಲ್ಕೊಹಾಲಿನಲ್ಲಿ ಪುಲ್ಲಿ ಚೊಕ್ಕ ಮಾಡಿ, ಬೆಲ್ಟಿನ ದಾರಿಗೆ ನೂಲು ಸುತ್ತಿ ಅಳೆದು, ಅದಕ್ಕಿಂತ ಶೇ. 5ರಷ್ಟು ಸಣ್ಣದು ತರಿಸಿ. ಸ್ಕೂಟರ್ ಟ್ಯೂಬು ಕತ್ತರಿಸಿ ಹಾಕಿಕೊಡುವ ಮೆಕ್ಯಾನಿಕ್ಕಿಗೆ ಕೈ ಮುಗಿದು ಬನ್ನಿ. ಟ್ಯೂಬಿನ ಪಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಸ್ವರ ಅಲೆಯುತ್ತದೆ. ಕಾರವಾರ, ಅಂಕೋಲೆಯವರಿಗೆ ಇದರ ಮೇಲೆ ಉಪ್ಪುಗಾಳಿ ಬೇರೆ. ವಯರಿನ ಪಿನ್ನು ಹಸಿರುಗಟ್ಟಿ ಒಂದು ಸ್ಪೀಕರು ಮೌನವ್ರತ ಹಿಡಿದರೆ ಆಂಪ್ಲಿಫೈಯರ್ ಬಿಚ್ಚುವ ಮೊದಲು ಪಿನ್ನು ಒರೆಸಿ ನೋಡಿ.

ಇಷ್ಟಾದರೂ ಜನ ಪ್ಲೇಟು ಬಿಡುವುದಿಲ್ಲ. ಹಳೇ ಇಪಿಗಳನ್ನು (ಎಲ್‌ಪಿಗಿಂತ ಸಣ್ಣ ಪ್ಲೇಟುಗಳು) ತಿರುಗಿಸಿದರೆ ಲೇಬಲ್ ಮೇಲೆ ಯಾವುದೋ ಸೌಂಡ್ ಸರ್ವಿಸಿನ ರಬ್ಬರ್ ಸ್ಟಾಂಪು, ನೀಲಿ ಶಾಯಿಯಲ್ಲಿ ನಂಬರು. ಮದುವೆ, ಉಪನಯನ, ಎರಡು ವರ್ಷಕ್ಕೊಮ್ಮೆಯ ಶಿರಸಿ ಮಾರಿ ಜಾತ್ರೆ ಎಂದು ಟ್ರಂಕಿನಲ್ಲಿ ಕೂತು ಊರೂರು ತಿರುಗಿದ ಪ್ಲೇಟುಗಳು ಅವು. ಐದಾರು ಗ್ರಾಂ ಭಾರದ ಸೆರಾಮಿಕ್ ಕಾರ್ಟ್ರಿಜ್ಜು, 50 ತಾಸಿಗೆ ಬದಲಿಸಬೇಕಾದ ನೀಲಮಣಿಯ ತುದಿಯನ್ನು ವರ್ಷಗಟ್ಟಲೆ ಬದಲಿಸದೆ ಓಡಿಸಿ, ಕಪ್ಪು ಗೆರೆಯೆಲ್ಲ ಬೂದಿ ಬಣ್ಣಕ್ಕೆ ತಿರುಗಿದೆ. ಹಾಗೆ ಸವೆದದ್ದು ಯಾವ ದ್ರಾವಣಕ್ಕೂ ಸರಿಹೋಗುವುದಿಲ್ಲ. ಆದರೂ ಯಾವ ಹಾಡಿನ ಗೆರೆ ಹೆಚ್ಚು ಬೂದಿಯಾಗಿದೆ ಎಂದು ನೋಡಿದರೆ ಊರಿಗೆ ಯಾವ ಹಾಡು ಇಷ್ಟವಿತ್ತು ಎಂದು ಗೊತ್ತಾಗುತ್ತದೆ. 78ರ ಪ್ಲೇಟುಗಳದ್ದು ಇನ್ನೂ ಬೇರೆ. ತಾಸು ಹಾಡುವವರು ಮೂರು ಚಿಲ್ಲರೆ ನಿಮಿಷದಲ್ಲಿ ರಾಗ ಮುಗಿಸಬೇಕು. 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ ಎಳೆಯ ಗಂಗೂಬಾಯಿ ಹಾನಗಲ್ ಲೇಬಲ್ ಮೇಲೆ ‘ಗಾಂಧಾರಿ ಹುಬ್ಳಿ’. ಆ ತೆಳು ಕಂಠವೇ ಮುಂದೆ ಅಂಥ ಗಂಡುದನಿ ಆಯಿತು ಎಂದು ನಂಬಲು ಪ್ಲೇಟನ್ನೇ ಕೇಳಬೇಕು.

ಹಾಗೆ ಕೇಳಲು ಕರೆಂಟೂ ಬೇಡ, ನೆಟ್‌ವರ್ಕೂ ಬೇಡ, ಕೀ ಕೊಡುವ ಪೆಟ್ಟಿಗೆ ಇದ್ದರೆ ಸಾಕು. ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಲೇಬೇಕು. ಪ್ಲೇಟಿನಲ್ಲಿರುವ ಕಲ್ಲಿನ ಪುಡಿ ಮುಳ್ಳನ್ನು ಅರೆದು ಗೆರೆಯ ಅಳತೆಗೆ ತರಲಿ ಎಂದೇ ಅದರ ಲೆಕ್ಕಾಚಾರ. ಒಮ್ಮೆ ಸವೆದ ಮುಳ್ಳು ಮುಂದಿನ ಪ್ಲೇಟಿಗೆ ಉಳಿ. ಹಿಂದೆ ಒಂದು ಡಬ್ಬಿಯಲ್ಲಿ 200 ಮುಳ್ಳು ಬರುತ್ತಿತ್ತು, ಜಿಪುಣತನ ಮಾಡಬಾರದು ಎಂದೇ. ಎಲ್‌ಪಿಯನ್ನು ಮಾತ್ರ ಈ ಪೆಟ್ಟಿಗೆ ಮೇಲೆ ಇಡಬೇಡಿ. ಮುಳ್ಳು ಸಿಕ್ಕಿಸುವ ಸೌಂಡ್ ಬಾಕ್ಸಿನ ಭಾರ 100 ಗ್ರಾಮಿನ ಮೇಲಿರುತ್ತದೆ, ಒಂದೇ ಓಟಕ್ಕೆ ಪ್ಲೇಟು ಮುಗಿಯಿತು. ಹೋಮ್‌ಸ್ಟೇಗಳ ಜಗಲಿಯಲ್ಲಿ ಹಿತ್ತಾಳೆ ಕೊಂಬಿನ ಹೊಸ ಪೆಟ್ಟಿಗೆ ಇಟ್ಟು, ಅದರ ಮೇಲೆ ಒಳ್ಳೇ ಎಲ್‌ಪಿ ಕೂರಿಸಿ ಫೋಟೋ ಹೊಡೆಯುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಈ ಪೆಟ್ಟಿಗೆಯಿಂದ ಇನ್ನೊಂದು ಲಾಭವಿದೆ. ಕೀ ಕೊಡಲು ಒಂದು ಕೈ ಪೆಟ್ಟಿಗೆ ಒತ್ತಿ ಹಿಡಿಯಬೇಕು, ಇನ್ನೊಂದು ಹ್ಯಾಂಡಲ್ ತಿರುಗಿಸಬೇಕು. ಆ ಕೆಲಸ ಭಾವನಿಗೆ ಕೊಟ್ಟುಬಿಟ್ಟರೆ ಅವನ ಎರಡೂ ಹೆಬ್ಬೆರಳು ಪ್ಲೇಟಿನಿಂದ ದೂರ. ಬಿಗಿ ಬಂದಲ್ಲಿ ನಿಲ್ಲಿಸಬೇಕು ಎಂದು ಹೇಳಿ. ಹೇಳಿದ ಮೇಲೂ “ಇನ್ನೂ ಜಾಗ ಇದ್ದು” ಎಂದು ಒಂದು ಸುತ್ತು ಹೆಚ್ಚಿಗೆ ಕೊಡುತ್ತಾನೆ, ಒಳಗೆ ‘ಠಣ್’ ಎನ್ನುತ್ತದೆ. ಆದ್ದರಿಂದ ಬಿಡಿ ಸ್ಪ್ರಿಂಗು ಒಂದು ಮೊದಲೇ ತರಿಸಿಡಿ. ಹಳೆಯದರ ಅಗಲ, ದಪ್ಪ, ಉದ್ದ, ಡ್ರಮ್ಮಿನ ಒಳಅಳತೆ ನಾಲ್ಕೂ ಬರೆದು ಕಳಿಸಿದರೇ ಸರಿಯಾದದ್ದು ಸಿಗುವುದು. ಬಿಚ್ಚುವಾಗ ದಪ್ಪ ಗವಸು ಹಾಕಿಕೊಳ್ಳಿ, ಡ್ರಮ್ಮಿನಿಂದ ಚಿಮ್ಮಿದರೆ ಕೈ ಸೀಳುತ್ತದೆ. ಹೊಸದನ್ನು ಕೂರಿಸುವ ಮೊದಲು ಗ್ರಾಫೈಟ್ ಗ್ರೀಸು ತೆಳ್ಳಗೆ ಹಚ್ಚಬೇಕು. ಅಷ್ಟರಲ್ಲಿ ಭಾವ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಬಂದಿರುತ್ತಾನೆ, ಅದನ್ನು ತೆಗೆದುಕೊಂಡು ಒಳಗಿಡಿ.