ಪಿ.ಟಿ. ಮೇಷ್ಟ್ರು ಬರುವವರೆಗೂ ಮಕ್ಕಳು ಕಾಯಬೇಕೇ?

"ನಮ್ಮಲ್ಲಿ ಪಿ.ಟಿ. ಮೇಷ್ಟ್ರಿಲ್ಲ ಸಾರ್, ಅದಕ್ಕೇ ಆಟ ಅಂತ ಬೇರೆ ಏನೂ ಮಾಡ್ಸಲ್ಲ." ರಜೆಗೆ ಊರಿಗೆ ಬಂದಾಗ ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನನಗೆ ಸಿಗುವ ಉತ್ತರ ಇದು. ಹೀಗೆ ಹೇಳುವ ಶಿಕ್ಷಕರ ಮೇಲೆ ನನಗೆ ಸಿಟ್ಟಿಲ್ಲ. ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ ಬರೆದು, ನಡುವೆ ತರಬೇತಿಗೂ ಹೋಗಿ ಬರುವವರು ಅವರು. ಆದರೆ ಆ ಉತ್ತರದ ಹಿಂದಿರುವ ನಂಬಿಕೆ ಮಕ್ಕಳಿಗೆ ನಷ್ಟ ಮಾಡುತ್ತಿದೆ. ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳಿಗೆ ದೈಹಿಕ ಶಿಕ್ಷಣ ಕೊಡಲು ಅದಕ್ಕೇ ಅಂತ ಒಬ್ಬ ಮೇಷ್ಟ್ರು ಬೇಕು, ಅವರು ಬರುವವರೆಗೆ ಏನೂ ಆಗುವುದಿಲ್ಲ ಎನ್ನುವ ನಂಬಿಕೆ ಅದು.

ನಾನಿರುವುದು ಟೋಕಿಯೋದಲ್ಲಿ. ನನ್ನ ಮಗಳು ಓದುವುದು ಅಲ್ಲಿನ ಸಾರ್ವಜನಿಕ ಪ್ರಾಥಮಿಕ ಶಾಲೆಯಲ್ಲಿ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಿನ ಕಡೆ ದೈಹಿಕ ಶಿಕ್ಷಣ ಕಲಿಸುವವರು ಆಯಾ ತರಗತಿಯ ಶಿಕ್ಷಕರೇ. ಬೆಳಿಗ್ಗೆ ಲೆಕ್ಕ ಹೇಳಿಕೊಟ್ಟ ಟೀಚರೇ ಬಟ್ಟೆ ಬದಲಿಸಿಕೊಂಡು ಮಕ್ಕಳ ಜೊತೆ ಮೈದಾನಕ್ಕೆ ಇಳಿಯುತ್ತಾರೆ. ರಾಷ್ಟ್ರೀಯ ಪಠ್ಯಕ್ರಮದಲ್ಲಿ ಇದಕ್ಕೆ ವರ್ಷಕ್ಕೆ ಇಷ್ಟು ಎಂದು ಅವಧಿ ನಿಗದಿಯಾಗಿದೆ: ಒಂದನೇ ತರಗತಿಗೆ 102, ಎರಡರಿಂದ ನಾಲ್ಕಕ್ಕೆ 105, ಐದು ಮತ್ತು ಆರಕ್ಕೆ 90. ಒಂದೊಂದು ಅವಧಿಯೂ 45 ನಿಮಿಷ. ಅಂದರೆ ಪುಟ್ಟ ಮಕ್ಕಳಿಗೆ ವಾರಕ್ಕೆ ಮೂರು ಪಾಠ. ಗಣಿತ ಮುಗಿದಿಲ್ಲವೆಂದು ಆ ಪೀರಿಯಡ್ಡನ್ನು ಕಿತ್ತುಕೊಂಡದ್ದನ್ನು ನಾನು ಕಂಡಿಲ್ಲ. ಈಚೆಗೆ ದೊಡ್ಡ ತರಗತಿಗಳಿಗೆ ವಿಷಯ ಶಿಕ್ಷಕರನ್ನು ಕೊಡುವ ಕೆಲಸ ಶುರುವಾಗಿದೆ, ಆದರೆ ಬುಡ ಹಾಕುವವರು ಈಗಲೂ ತರಗತಿ ಶಿಕ್ಷಕರೇ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪರಿಶಿಷ್ಟದಲ್ಲಿ ಶಾಲೆಗೆ ಆಟದ ಮೈದಾನ ಇರಬೇಕು, ಪ್ರತಿ ತರಗತಿಗೂ ಬೇಕಾದಷ್ಟು ಆಟದ ಸಾಮಾನು ಕೊಡಬೇಕು ಎಂದಿದೆ. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರ ಮಾತು ಬರುವುದು 6ರಿಂದ 8ನೇ ತರಗತಿಗೆ, ಅದೂ ಮಕ್ಕಳ ಸಂಖ್ಯೆ 100 ದಾಟಿದರೆ ಮಾತ್ರ. ಒಂದರಿಂದ ಐದಕ್ಕೆ ಆ ಮಾತೇ ಇಲ್ಲ. ಹಾಗಿರುವಾಗ ಮೂವತ್ತು ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಯೊಂದು ಪಿ.ಟಿ. ಮೇಷ್ಟ್ರ ದಾರಿ ಕಾಯುತ್ತಾ ಕೂತರೆ, ಇವತ್ತು ಒಂದನೇ ಕ್ಲಾಸಿಗೆ ಸೇರಿದ ಮಗು ಐದು ಮುಗಿಸಿ ಹೋದರೂ ಅವರು ಬಂದಿರುವುದಿಲ್ಲ. ಹುದ್ದೆಗಳಿಗಾಗಿ ಒತ್ತಾಯ ನಡೆಯಲಿ, ನಡೆಯಲೇಬೇಕು. ಆದರೆ ಆ ಮಗುವಿನ ಆರನೇ, ಏಳನೇ ವಯಸ್ಸು ಹುದ್ದೆ ಮಂಜೂರಾಗುವವರೆಗೆ ನಿಂತಿರುವುದಿಲ್ಲ.

ತರಗತಿ ಶಿಕ್ಷಕರೇ ಕಲಿಸಿದರೆ ಹೇಗಿರುತ್ತದೆ ಎಂಬುದಕ್ಕೆ ನಾನು ಹತ್ತಿರದಿಂದ ನೋಡಿದ ಒಂದು ಪಾಠವನ್ನು ಹೇಳುತ್ತೇನೆ. ಪೋಷಕರಿಗೆ ಪಾಠ ನೋಡಲು ಅವಕಾಶ ಕೊಡುವ ದಿನವದು. ಮೂರನೇ ತರಗತಿಯವರಿಗೆ ಪೆಟ್ಟಿಗೆ ಹಾರುವುದನ್ನು ಕಲಿಸುತ್ತಿದ್ದರು. ಮರದ ಚೌಕಟ್ಟುಗಳನ್ನು ಒಂದರ ಮೇಲೊಂದು ಇಟ್ಟು, ಮೇಲ್ಗಡೆ ಮೆತ್ತೆ ಹೊದಿಸಿದ ಪೆಟ್ಟಿಗೆ. ಚೌಕಟ್ಟು ತೆಗೆದರೆ ಎತ್ತರ ಕಡಿಮೆ, ಸೇರಿಸಿದರೆ ಜಾಸ್ತಿ. ಮ್ಯಾಟುಗಳನ್ನು ಮಕ್ಕಳೇ ಹೊತ್ತು ತಂದರು, ಮೂಲೆಗೊಬ್ಬರಂತೆ ನಾಲ್ಕು ಜನ. ಶುರುವಾದ ಮೇಲೂ ಪೆಟ್ಟಿಗೆಯ ಹತ್ತಿರ ಯಾರೂ ಹೋಗಲಿಲ್ಲ. ಮೊದಲು ಅಂಗೈ ಊರಿ ಮೊಲದ ಹಾಗೆ ನೆಗೆದರು. ಆಮೇಲೆ ಬಗ್ಗಿ ನಿಂತ ಗೆಳೆಯನ ಬೆನ್ನಿನ ಮೇಲೆ ಕೈಯೂರಿ ದಾಟಿದರು. ಆಮೇಲೆ ಪೆಟ್ಟಿಗೆಯ ಮೇಲೆ ಕಾಲು ಅಗಲಿಸಿ ಕೂತು, ಕೈಯಿಂದ ಮೈಯನ್ನು ಮುಂದಕ್ಕೆ ತಳ್ಳಿ ಇಳಿದರು. ಕೊನೆಗೆ ಮೂರು ಎತ್ತರದ ಪೆಟ್ಟಿಗೆಗಳನ್ನು ಇಟ್ಟು, ಯಾವುದು ಬೇಕೋ ಅಲ್ಲಿ ಹೋಗಿ ನಿಲ್ಲಿ ಎಂದರು.

ಟೀಚರ್ ನಿಂತದ್ದು ಎಲ್ಲಕ್ಕಿಂತ ತಗ್ಗಾದ ಪೆಟ್ಟಿಗೆಯ ಪಕ್ಕ. ಒಬ್ಬಳು ಹುಡುಗಿ ಓಡಿ ಬಂದು ಪ್ರತಿ ಸಲವೂ ಪೆಟ್ಟಿಗೆಯ ಮುಂದೆ ಗಕ್ಕನೆ ನಿಂತುಬಿಡುತ್ತಿದ್ದಳು. ಟೀಚರ್ ಬಣ್ಣದ ಟೇಪಿನ ಎರಡು ತುಂಡನ್ನು ಪೆಟ್ಟಿಗೆಯ ಆ ಕಡೆಯ ತುದಿಗೆ ಅಂಟಿಸಿ, ಅಂಗೈ ಇಲ್ಲಿ ಬೀಳಲಿ ಎಂದು ತೋರಿಸಿದರು. ಅವಳ ಕಣ್ಣು ಪೆಟ್ಟಿಗೆ ಬಿಟ್ಟು ಟೇಪಿನ ಮೇಲೆ ಹೋಯಿತು. ಇನ್ನೊಂದೆರಡು ಸಲಕ್ಕೆ ದಾಟಿದಳು. ಈ ಟೀಚರ್ ಕ್ರೀಡಾಪಟುವಲ್ಲ. ಯಾವ ಹೆಜ್ಜೆಯಾದ ಮೇಲೆ ಯಾವ ಹೆಜ್ಜೆ, ಮಗು ಎಲ್ಲಿ ಹೆದರುತ್ತದೆ, ಹೆದರಿದರೆ ಏನು ಮಾಡಬೇಕು ಎಂಬುದು ಅವರಿಗೆ ಗೊತ್ತಿತ್ತು. ಓದು ಕಲಿಸುವವರಿಗೆ ಬೇಕಾದದ್ದೂ ಇದೇ ಜಾಣ್ಮೆ, ಅದು ನಮ್ಮ ಶಿಕ್ಷಕರಲ್ಲಿ ಬೇಕಾದಷ್ಟಿದೆ.

ಇನ್ನೊಂದು, ಹಗ್ಗದಾಟದ ಕಾರ್ಡು. ಚಳಿಗಾಲದಲ್ಲಿ ಪ್ರತಿ ಮಗುವಿಗೂ ಒಂದು ಹಗ್ಗ, ಒಂದು ಕಾರ್ಡು. ಎರಡು ಕಾಲಲ್ಲಿ ಮುಂದಕ್ಕೆ ಹತ್ತು, ಹಿಂದಕ್ಕೆ ಹತ್ತು, ಒಂಟಿಗಾಲಲ್ಲಿ, ಕೈ ಅಡ್ಡ ಹಾಕಿ, ಓಡುತ್ತಾ, ಹೀಗೆ ಒಂದೊಂದಕ್ಕೂ ಒಂದೊಂದು ಮನೆ. ಗೆಳತಿ ಎಣಿಸುತ್ತಾಳೆ, ಎಣಿಕೆ ಮುಗಿದರೆ ಆ ಮನೆಗೆ ಬಣ್ಣ. ಪಕ್ಕದವಳು ಎಷ್ಟು ಮನೆ ಮುಂದಿದ್ದಾಳೆ ಎಂಬುದಕ್ಕಿಂತ ನನ್ನದು ಮೊನ್ನೆ ಎಷ್ಟಿತ್ತು, ಇವತ್ತು ಎಷ್ಟಾಯಿತು ಎಂಬ ಲೆಕ್ಕ ಮುಖ್ಯವಾಗುತ್ತದೆ. ಈ ಕಾರ್ಡನ್ನು ಮೊದಲ ಸಲ ನೋಡಿದಾಗಲೇ ನನಗೆ ನೆನಪಾದದ್ದು ನಲಿ-ಕಲಿ, ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ.

ನಲಿ-ಕಲಿ ಹುಟ್ಟಿದ್ದು ಮೈಸೂರು ಜಿಲ್ಲೆಯಲ್ಲೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಶುರುಮಾಡಿದ ಕೆಲಸ ಅದು. ಕಾರ್ಡುಗಳು, ಪಾಠಗಳನ್ನು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿ, ಮೈಲಿಗಲ್ಲು, ಗೋಡೆಯ ಮೇಲೆ ಪ್ರಗತಿ ನೋಟ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರಿಗೆ ಒಂದು ತಟ್ಟೆ (ಅಂದರೆ ಗುಂಪು), ಜೊತೆಯವರ ಸಹಾಯ ಸಾಕಾದವರಿಗೆ ಇನ್ನೊಂದು, ತಾವೇ ಕಲಿಯಬಲ್ಲವರಿಗೆ ಮತ್ತೊಂದು. ಒಂದು ವಾರ ಜ್ವರ ಬಂದು ಮಲಗಿದ ಮಗು ವಾಪಸು ಬಂದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗೆಲ್ಲ ಹಬ್ಬಿತು. ನಾನು ನೋಡಿದ ಪೆಟ್ಟಿಗೆಯ ಪಾಠ, ಹಗ್ಗದ ಕಾರ್ಡು ಎರಡರಲ್ಲೂ ಇರುವುದು ಇದೇ ಕ್ರಮ. ಅಕ್ಷರಕ್ಕೆ, ಲೆಕ್ಕಕ್ಕೆ ಈ ಏಣಿ ಕಟ್ಟಿದ ನಮ್ಮ ಶಿಕ್ಷಕರು ಓಡುವುದಕ್ಕೆ, ನೆಗೆಯುವುದಕ್ಕೆ, ಎಸೆಯುವುದಕ್ಕೆ, ಹಿಡಿಯುವುದಕ್ಕೆ, ಸಮತೋಲಕ್ಕೆ ಒಂದು ಏಣಿ ಕಟ್ಟಲಾರರೇ? ಕುಂಟೆಬಿಲ್ಲೆಯಲ್ಲಿ ಒಂಟಿಗಾಲಿನ ಸಮತೋಲ ಇದೆ. ಲಗೋರಿಯಲ್ಲಿ ಗುರಿ ಇದೆ, ಓಟ ಇದೆ. ಮರಕೋತಿಯಲ್ಲಿ ತೋಳಿನ ಬಲ ಇದೆ. ಸಾಮಾನಿಗೆ ದುಡ್ಡು ಬೇಡ, ಇವನ್ನು ಮೆಟ್ಟಿಲಾಗಿ ಜೋಡಿಸುವ ಕೆಲಸ ಬೇಕು.

ಈಗ ನಮ್ಮ ಶಾಲೆಗಳಲ್ಲಿ ಆಟ ಎಂದರೆ ಏನು? ವಲಯ ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗ ಎದ್ದು, ಮುಗಿದಾಗ ಮಲಗುವ ಕೆಲಸ. ಹೋದ ಸಲ ನಮ್ಮ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸುಣ್ಣದ ಗೆರೆ ಹಾಕಿ ಖೋ ಖೋ ಅಭ್ಯಾಸ ನಡೆದಿತ್ತು. ಆಯ್ದ ಹನ್ನೆರಡು ಹುಡುಗಿಯರು ಚೆನ್ನಾಗಿಯೇ ಆಡುತ್ತಿದ್ದರು. ಉಳಿದ ಮಕ್ಕಳೆಲ್ಲ ಹೊಂಗೆ ಮರದ ಕೆಳಗೆ. ಅಲ್ಲಿದ್ದ ನಾಲ್ಕನೇ ಕ್ಲಾಸಿನ ಹುಡುಗಿಯನ್ನು "ನೀನ್ಯಾಕವ್ವ ಆಡ್ತಿಲ್ಲ?" ಎಂದು ಕೇಳಿದೆ. "ನಾನು ಸೆಲೆಕ್ಟ್ ಆಗ್ನಿಲ್ಲ ಮಾವ" ಎಂದಳು. ಒಂಬತ್ತು ವರ್ಷದ ಮಗುವಿಗೆ ತನ್ನ ಮೈ ಆಟಕ್ಕೆ ಸಲ್ಲದ್ದು ಎಂದು ಶಾಲೆಯೇ ತೀರ್ಪು ಕೊಟ್ಟುಬಿಟ್ಟಿದೆ. ಕನ್ನಡ ಓದಲು ತಡವರಿಸುವ ಮಗುವನ್ನು ಹೀಗೆ ಮರದ ಕೆಳಗೆ ಕೂರಿಸಿದರೆ ನಾವು ಸುಮ್ಮನಿರುತ್ತೇವೆಯೇ?

ಖೋ ಖೋ ಬಗ್ಗೆ ನನಗೆ ಅಪಾರ ಅಭಿಮಾನ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಮೈದಾನದಿಂದ ವಿಶ್ವಕಪ್ಪಿಗೆ! ಆದರೆ ಆಟದ ನಿಯಮವನ್ನು ದೊಡ್ಡವರಿಗೆ ಇರುವಂತೆಯೇ ಚಿಕ್ಕ ಮಕ್ಕಳಿಗೆ ಇಟ್ಟರೆ ಒಂದು ತೊಂದರೆಯಿದೆ. ಮೊದಲು ಔಟಾಗುವುದು ನಿಧಾನ ಓಡುವ ಮಗು. ಯಾರಿಗೆ ಓಟ ಹೆಚ್ಚು ಬೇಕೋ ಅವರೇ ಹೆಚ್ಚು ಹೊತ್ತು ಕೂರುತ್ತಾರೆ. ಕಬಡ್ಡಿಯಲ್ಲಿ ಇದಕ್ಕೆ ನಮ್ಮ ಹಿರಿಯರೇ ಪರಿಹಾರ ಇಟ್ಟಿದ್ದಾರೆ: ನಮ್ಮವರು ಎದುರಾಳಿಯನ್ನು ಔಟ್ ಮಾಡಿದರೆ ಹೊರಗಿದ್ದವನಿಗೆ ಮತ್ತೆ ಜೀವ ಬರುತ್ತದೆ. ಜಪಾನಿನ ಮಕ್ಕಳ ಚೆಂಡಾಟದಲ್ಲೂ ಔಟಾದವರು ಹೊರಗಿನ ಅಂಕಣದಿಂದ ಚೆಂಡು ಎಸೆಯುತ್ತಾ ಆಟದಲ್ಲೇ ಇರುತ್ತಾರೆ. ಖೋ ಖೋವನ್ನೂ ಹಾಗೆ ಮಾಡಬಹುದು. ನಾಲ್ಕು ನಾಲ್ಕು ಜನ ಕೂರುವ ಮೂರು ಸಣ್ಣ ಸಾಲು ಹಾಕಿ, ಔಟಾದ ಮಗು ಪಕ್ಕದ ಸಾಲಿಗೆ ಓಡಲಿ. ಮೂವತ್ತು ಮಕ್ಕಳೂ ಒಂದೇ ಹೊತ್ತಿಗೆ ಬೆವರುತ್ತಾರೆ.

ಮಂಡ್ಯದ ಮಟ್ಟಿಗೆ ನಾನು ಹೇಳಲೇಬೇಕಾದದ್ದು ನೀರಿನ ವಿಷಯ. ಜಪಾನಿನಲ್ಲಿ 1955ರಲ್ಲಿ ಶಿಉನ್ ಮಾರು ಎಂಬ ಹಡಗು ಮುಳುಗಿ 168 ಜನ ಸತ್ತರು, ಅವರಲ್ಲಿ 100 ಮಂದಿ ಶಾಲಾ ಪ್ರವಾಸಕ್ಕೆ ಹೊರಟಿದ್ದ ಮಕ್ಕಳು. ಶಾಲೆಗಳಲ್ಲಿ ಈಜುಕೊಳ ಕಟ್ಟಿ ಎಲ್ಲರಿಗೂ ಈಜು ಕಲಿಸಬೇಕೆಂಬ ಒತ್ತಾಯಕ್ಕೆ ಆ ದುರಂತ ದೊಡ್ಡ ಕಾರಣವಾಯಿತು. ಇವತ್ತು ಎಷ್ಟೋ ಶಾಲೆಗಳಲ್ಲಿ ಮಕ್ಕಳನ್ನು ಹಾಕಿಕೊಂಡ ಬಟ್ಟೆಯಲ್ಲೇ ಕೊಳಕ್ಕಿಳಿಸುತ್ತಾರೆ. ನೆನೆದ ಬಟ್ಟೆ ಎಷ್ಟು ಭಾರ ಎಂಬುದು ಅವರಿಗೆ ಗೊತ್ತಾಗಬೇಕು. ಆಮೇಲೆ ಖಾಲಿ ನೀರಿನ ಬಾಟಲಿಯೊಂದನ್ನು ಎದೆಗವಚಿಕೊಂಡು, ಮುಖ ಮೇಲೆ ಮಾಡಿ, ಸಹಾಯ ಬರುವವರೆಗೆ ತೇಲುವುದನ್ನು ಕಲಿಸುತ್ತಾರೆ.

ನಮ್ಮದು ನಾಲೆಗಳ ಜಿಲ್ಲೆ. 2018ರ ನವೆಂಬರ್ 24ರಂದು ಕನಗನಮರಡಿಯ ಹತ್ತಿರ ವಿ.ಸಿ. ನಾಲೆಗೆ ಬಸ್ಸು ಬಿದ್ದು 30 ಜನ ಹೋದರು, ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಇದ್ದರು. ಬಸ್ಸಿನೊಳಗೆ ಸಿಕ್ಕಿಕೊಂಡವರಿಗೆ ಈಜು ಬಂದಿದ್ದರೂ ಏನಾಗುತ್ತಿತ್ತೋ, ಆ ಮಾತು ಬೇರೆ, ಅಲ್ಲಿ ಬೇಕಿದ್ದದ್ದು ತಡೆಗೋಡೆ. ಆದರೆ ಬೇಸಿಗೆ ರಜೆಯಲ್ಲಿ ನಾಲೆಗೆ, ಕೆರೆಗೆ, ಹೊಳೆಗೆ ಇಳಿದು ಒಬ್ಬನ ಹಿಂದೆ ಒಬ್ಬ ಮುಳುಗುವ ಮಕ್ಕಳ ಸುದ್ದಿಗೆ ಶಾಲೆ ಉತ್ತರ ಕೊಡಬಹುದು. ಹಿಂದೆ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸಿ ಮನೆಯವರೇ ಈಜು ಕಲಿಸುತ್ತಿದ್ದರು, ಈಗ ಬಾವಿಗಳೂ ಬತ್ತಿವೆ, ಕಲಿಸುವವರೂ ಇಲ್ಲ. ಪ್ರತಿ ಶಾಲೆಗೆ ಕೊಳ ಕಟ್ಟಿ ಎಂದು ನಾನು ಕೇಳುವುದಿಲ್ಲ. ಮುಳುಗುವವನ ಹಿಂದೆ ಹಾರಬೇಡ, ಕೂಗು, ಹಗ್ಗ ಎಸೆ, ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆ ಎನ್ನುವುದನ್ನು ಒಣ ನೆಲದ ಮೇಲೆಯೇ ಮಕ್ಕಳ ಕೈಯಲ್ಲಿ ಮಾಡಿಸಿ ಮಾಡಿಸಿ ಕಲಿಸಬಹುದು. ಕ್ಯಾನಿಗೆ ಹಗ್ಗ ಕಟ್ಟಿ ಗೆರೆಯಾಚೆ ಎಸೆಯುವುದೂ ಒಂದು ಆಟವೇ, ಏಣಿಯಲ್ಲಿ ಅದಕ್ಕೂ ಒಂದು ಮೆಟ್ಟಿಲಿರಲಿ.

ಜಪಾನಿನದೆಲ್ಲ ಚಿನ್ನ ಎಂದು ತಿಳಿಯಬೇಡಿ. ಅಲ್ಲಿನ ಶಾಲಾ ಕ್ರೀಡಾದಿನದಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಹತ್ತಿ ಗೋಪುರ ಕಟ್ಟುವ ಪದ್ಧತಿಯಿತ್ತು. ಮಕ್ಕಳ ಮೂಳೆ ಮುರಿಯುವುದು ದೊಡ್ಡ ಚರ್ಚೆಯಾಗಿ, 2016ರ ಹೊತ್ತಿಗೆ ಕೆಲವು ಕಡೆ ಅದನ್ನು ನಿಲ್ಲಿಸಿದರು. ಎಲ್ಲರೂ ಒಂದೇ ಥರ ಮಾಡಬೇಕೆಂಬ ಒತ್ತಡ ಕೆಲವು ಮಕ್ಕಳಿಗೆ ಭಾರವಾಗುತ್ತದೆ. ಟೋಕಿಯೋದ ಎಷ್ಟೋ ಪಾರ್ಕುಗಳಲ್ಲಿ ಚೆಂಡಾಟ ನಿಷೇಧ ಎಂಬ ಫಲಕವಿದೆ. ಶಾಲೆಯ ಹೊರಗೆ ಮನಸ್ಸಿಗೆ ಬಂದಂತೆ ಬೀದಿಯಲ್ಲಿ ಆಡುವ ಸುಖ ನನ್ನ ಮಗಳಿಗೆ ಸಿಗುವುದು ಊರಿಗೆ ಬಂದಾಗಲೇ.

ಬಟ್ಟೆಯ ಮಾತೂ ಸಣ್ಣದಲ್ಲ. ಜಪಾನಿನಲ್ಲಿ ಹುಡುಗ ಹುಡುಗಿ ಇಬ್ಬರಿಗೂ ಒಂದೇ ಥರದ ಅಂಗಿ ಚಡ್ಡಿ, ಒಂದು ಕಡೆ ಕೆಂಪು ಒಂದು ಕಡೆ ಬಿಳಿಯ ಟೋಪಿ. ನಮ್ಮ ಸರ್ಕಾರ ಶೂ ಸಾಕ್ಸ್ ಕೊಡುತ್ತಿದೆ, ಒಳ್ಳೆಯದು. ಲಂಗ, ವೇಲುಗಳ ನಡುವೆ ಓಡಲಾಗದೆ ಐದನೇ ಕ್ಲಾಸಿಗೇ ಆಟ ಬಿಡುವ ಹೆಣ್ಣುಮಕ್ಕಳಿಗೆ ಒಂದು ಟ್ರ್ಯಾಕ್ ಪ್ಯಾಂಟೂ ಸೇರಿದರೆ ಚೆನ್ನ.

ಹೊರಗಿರುವ ನಮ್ಮಂಥವರು ಊರ ಶಾಲೆಗೆ ಏನಾದರೂ ಕೊಡಬೇಕೆಂದಾಗ ಟ್ರೋಫಿ, ಗೆದ್ದ ತಂಡಕ್ಕೆ ಜೆರ್ಸಿ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಅದೇ ದುಡ್ಡಿಗೆ ಮಗುವಿಗೊಂದು ಹಗ್ಗ, ನಾಲ್ಕು ಮ್ಯಾಟು, ಹತ್ತು ರಬ್ಬರ್ ಚೆಂಡು, ಕಾರ್ಡುಗಳ ಮುದ್ರಣದ ಖರ್ಚು ಬರುತ್ತದೆ. ಶಾಲಾಭಿವೃದ್ಧಿ ಸಮಿತಿಯವರಿಗೆ (ಎಸ್‌ಡಿಎಂಸಿ) ನಾನು ಇದನ್ನೇ ಬರೆದಿದ್ದೇನೆ. ಜೊತೆಗೆ ಎರಡು ಕೋರಿಕೆ: ಆಟದ ಅವಧಿಯನ್ನು ಮಧ್ಯಾಹ್ನದ ಬಿಸಿಲಿಗೆ ಹಾಕದೆ ಬೆಳಗಿನ ಹೊತ್ತಿಗೆ ತನ್ನಿ, ಪರೀಕ್ಷೆ ಹತ್ತಿರ ಬಂತೆಂದು ಅದನ್ನು ಬೇರೆ ಪಾಠಕ್ಕೆ ಕೊಡಬೇಡಿ.