ಹೆಬ್ಬೆಟ್ಟು ಬುದ್ಧಿವಂತರು

ಹಿಂದೆ ಓದು ಬರಹ ಬಾರದವರಿಗೆ ‘ಹೆಬ್ಬೆಟ್ಟು’ ಅನ್ನುತ್ತಿದ್ದರು. ಈಗ ಓದು ಬರಹ ಚೆನ್ನಾಗಿ ಬಲ್ಲ ಅಪ್ಪ ಅಮ್ಮಂದಿರೇ ಕ್ಯೂ ನಿಂತು, ಸಾವಿರಗಟ್ಟಲೆ ಕೊಟ್ಟು, ಮಕ್ಕಳ ಹೆಬ್ಬೆಟ್ಟು ಒತ್ತಿಸುತ್ತಿದ್ದಾರೆ. ಡಿಎಂಐಟಿ ಅಂತ ಅದರ ಹೆಸರು, ಬೆರಳಚ್ಚು ನೋಡಿ ಮಗುವಿನ ಬುದ್ಧಿ ಎಂಥದ್ದು ಅಂತ ಹೇಳುವ ಪರೀಕ್ಷೆಯಂತೆ. ಪೇರೆಂಟ್ಸ್ ಮೀಟಿಂಗ್ ದಿನ ಶಾಲೆಯ ವರಾಂಡದಲ್ಲೇ ಟೇಬಲ್ಲು, ಲ್ಯಾಪ್‌ಟಾಪು. ಗ್ರೂಪಿನಲ್ಲಿ ನಿಮಗೂ ಮೆಸೇಜು ಬಂದೇ ಇರುತ್ತದೆ.

ವಿಧಿವಿಧಾನಕ್ಕೇನೂ ಕೊರತೆಯಿಲ್ಲ. ಒಂದೊಂದು ಬೆರಳನ್ನೂ ನೇರ, ಎಡಕ್ಕೆ, ಬಲಕ್ಕೆ ಹೊರಳಿಸಿ 3 ಸಲ ಅಚ್ಚು. 10 ಬೆರಳಿಗೆ 30. ಹೆಬ್ಬೆರಳೆಂದರೆ ಮಿದುಳಿನ ಹಣೆಯ ಭಾಗವಂತೆ, ಕಿರುಬೆರಳೆಂದರೆ ಹಿಂದಲೆಯಂತೆ. ಸುಳಿ, ಕುಣಿಕೆ, ಕಮಾನು ಎಣಿಸಿ ಕೊನೆಗೊಂದು ಬಣ್ಣದ ವರದಿ: ನಿಮ್ಮ ಮಗು ಹದ್ದು, ನವಿಲು, ಪಾರಿವಾಳ ಅಥವಾ ಗೂಬೆ. ‘ನಿಮ್ಮ ಮಗ ಗೂಬೆ’ ಅಂತ ನೆರೆಯವರು ಅಂದಿದ್ದರೆ ಜಗಳವಾಗುತ್ತಿತ್ತು. ಇಲ್ಲಿ ಅದೇ ಮಾತಿಗೆ ರಸೀದಿ ಕೊಡುತ್ತಾರೆ.

ಆಧಾರ್‌ನವರೇ 5 ವರ್ಷದೊಳಗಿನ ಮಕ್ಕಳ ಬೆರಳಚ್ಚಿನ ಗೋಜಿಗೆ ಹೋಗುವುದಿಲ್ಲ. ಸದ್ಯಕ್ಕೆ ಫೋಟೊ ಸಾಕು, 5 ವರ್ಷ ತುಂಬಿದಾಗೊಮ್ಮೆ, 15 ತುಂಬಿದಾಗೊಮ್ಮೆ ಬನ್ನಿ ಅನ್ನುತ್ತಾರೆ. ಇನ್ನು ನ್ಯಾಯಬೆಲೆ ಅಂಗಡಿಗೆ ಹೋಗಿ ನೋಡಿ. ಜೀವಮಾನವಿಡೀ ಕಳೆ ಕಿತ್ತು, ಪಾತ್ರೆ ತಿಕ್ಕಿದ ಬೆರಳು. “ಬರ್ತಿಲ್ಲ ಅಜ್ಜಿ, ಸೆರಗಿಗೆ ಒರೆಸಿ ಇನ್ನೊಂದ್ಸಲ ಇಡಿ.” ಅಜ್ಜಿ ಅಜ್ಜಿಯೇ ಅಂತ ಒಪ್ಪಿಕೊಳ್ಳಲು 4 ಸಲ ಸತಾಯಿಸುವ ಜಾತಿಯ ಯಂತ್ರವೇ, ಎಲ್‌ಕೆಜಿ ಹುಡುಗನ ಬೆರಳಲ್ಲಿ ಅವನು ಸಿಎ ಆಗುತ್ತಾನೋ ಸಿತಾರ್ ನುಡಿಸುತ್ತಾನೋ ಹೇಳಿಬಿಡುತ್ತದೆ.

ದುಃಖವೆಂದರೆ ಇದಕ್ಕೆ ಎರವಲು ತಂದ ಮೂಲಸರಕು ಸುಳ್ಳಲ್ಲ. ಅಂಗೈಯ ಮಡಿಕೆ, ಬೆರಳಿನ ಏಣು ಎರಡೂ ಮೂಡುವುದು ಗರ್ಭದ ಮೊದಲ ಐದು ತಿಂಗಳೊಳಗೆ. ಆ ಹೊತ್ತಿನ ಬೆಳವಣಿಗೆಯಲ್ಲಿ ಏರುಪೇರಾದರೆ ಕೈಯಲ್ಲಿ ಗುರುತು ಉಳಿಯಬಹುದು. 1926ರಲ್ಲಿ ಈ ಓದಿಗೆ ಡರ್ಮಟೊಗ್ಲಿಫಿಕ್ಸ್ ಅಂತ ಹೆಸರಿಟ್ಟ ಹೆರಾಲ್ಡ್ ಕಮಿನ್ಸ್, ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ಕ್ರೋಮೋಸೋಮ್ ಹೆಚ್ಚಿರುವ ಸ್ಥಿತಿ) ಇರುವವರ ಕೈಯಲ್ಲಿ ಅಂಥ ಗುರುತುಗಳನ್ನು ಕಂಡಿದ್ದರು. ನಮ್ಮವರು ಹೃದಯರೇಖೆ, ಬುದ್ಧಿರೇಖೆ ಅನ್ನುವ ಎರಡೂ ಕೂಡಿ ಒಂದೇ ಅಡ್ಡಗೆರೆಯಾಗುವುದು ಅದರಲ್ಲೊಂದು.

ಆದರೆ ಲೆಕ್ಕ ಹಾಕಿ. ಒಂದೇ ಗೆರೆ ಇರುವುದು ಡೌನ್ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಮಾತ್ರ. ಏನೂ ತೊಂದರೆಯಿಲ್ಲದವರಲ್ಲೂ 100ಕ್ಕೆ ಎರಡು ಮೂರು ಮಂದಿಗೆ ಒಂದು ಕೈಯಲ್ಲಾದರೂ ಇರುತ್ತದೆ. 800 ಕೂಸುಗಳನ್ನು ಸಾಲಾಗಿ ಮಲಗಿಸಿದರೆ ಡೌನ್ ಇರುವುದು ಒಂದಕ್ಕೆ, ಗೆರೆ ಸುಮಾರು 20ಕ್ಕೆ. ಆ ಒಂದು ಕೂಸು ಈ 20ರ ಆಚೆ ಉಳಿದರೂ ಉಳಿಯಿತು. ತೊಟ್ಟಿಲು ಹಾಕುವ ದಿನ ಕೂಸಿನ ಮುಷ್ಟಿ ಬಿಡಿಸಿ ನೋಡಿ, ಬಾಣಂತಿಯ ಮುಂದೆ ಲೊಚಗುಟ್ಟುವ ದೊಡ್ಡಮ್ಮಂದಿರಿಗೆ ಇದನ್ನು ಯಾರಾದರೂ ಹೇಳಬೇಕು. ವೈದ್ಯರು ನೋಡುವುದು ಬರೀ ಗೆರೆಯನ್ನಲ್ಲ. ಬಟ್ಟೆಯಂತೆ ಜೋತುಬೀಳುವ ಮೈ, ಮೇಲಕ್ಕೆ ಓರೆಯಾದ ಕಣ್ಣು, ಕಾಲಿನ ಹೆಬ್ಬೆರಳಿನ ಪಕ್ಕದ ಸಂದು, ಎಲ್ಲವನ್ನೂ ಕೂಡಿಸಿ. ಅನುಮಾನ ಬಂದರೆ ರಕ್ತ ತೆಗೆದು, ಮೂರು ದಿನ ಕಣಗಳನ್ನು ಬೆಳೆಸಿ, ಕ್ರೋಮೋಸೋಮ್ 46ಕ್ಕೆ 47 ಇದೆಯೇ ಅಂತ ಎಣಿಸುತ್ತಾರೆ. ಅಂಥ ಮಕ್ಕಳಲ್ಲಿ ಅರ್ಧದಷ್ಟಕ್ಕೆ ಹೃದಯದ ದೋಷ ಇರುವುದರಿಂದ ಆ ವರದಿಗೆ ಕಾಯದೆ ಎಕೋ ಮಾಡಿಸುತ್ತಾರೆ.

ಇದೇ ವಿದ್ಯೆಯಿಂದ ಡಿಎಂಐಟಿಯವರು ಎತ್ತಿಕೊಂಡಿದ್ದು ಎಟಿಡಿ ಕೋನ: ತೋರುಬೆರಳಿನ ಬುಡ, ಮಣಿಕಟ್ಟಿನ ಮೇಲ್ಭಾಗ, ಕಿರುಬೆರಳಿನ ಬುಡ, ಈ ಮೂರು ಬಿಂದು ಸೇರಿಸಿದರೆ ಬರುವುದು. ಕೋನ ಕಿರಿದಾದಷ್ಟೂ ಮಗು ಚುರುಕಂತೆ. ಬೆರಳು ಅಗಲಿಸಿ ಒತ್ತಿದರೆ ಕೋನ ಹಿಗ್ಗುತ್ತದೆ, ಕೂಡಿಸಿ ಒತ್ತಿದರೆ ಕುಗ್ಗುತ್ತದೆ. ಇಷ್ಟು ಅಗ್ಗಕ್ಕೆ ಬುದ್ಧಿ ಬೆಳೆಸುವ ಉಪಾಯ ನಮ್ಮ ಗುರುಕುಲಗಳಿಗೂ ಹೊಳೆದಿರಲಿಲ್ಲ. ವರದಿಯಲ್ಲಿ ಹೆಸರು ಹೇಳುವ ಅಮೆರಿಕದ ಮನಶ್ಶಾಸ್ತ್ರಜ್ಞ ಹೊವರ್ಡ್ ಗಾರ್ಡ್ನರ್ 1983ರಲ್ಲಿ ಮಂಡಿಸಿದ ಬಹುಬುದ್ಧಿಯ ವಾದದಲ್ಲಿ ಬೆರಳಚ್ಚಿನ ಸೊಲ್ಲೇ ಇಲ್ಲ. ಭಾರತೀಯ ಮನೋವೈದ್ಯರ ಸಂಘವೂ ಇದಕ್ಕೆ ಆಧಾರವಿಲ್ಲ ಅಂದಾಯಿತು. ಟೇಬಲ್ಲು ಮಾತ್ರ ಎದ್ದಿಲ್ಲ.

ನಗು ಇಲ್ಲಿಗೆ ಸಾಕು. ಆಟಿಸಂ, ಕಲಿಕೆಯ ತೊಂದರೆ, ಚಂಚಲತೆಗಳ ಸುಳಿವೂ ಗೆರೆಯಲ್ಲೇ ಸಿಗುತ್ತದೆ ಅಂತ ಮಾರುವವರಿದ್ದಾರೆ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದ, ಒಂದೂವರೆ ವರ್ಷವಾದರೂ ಒಂದು ಮಾತೂ ಆಡದ ಮಗುವಿನ ಮನೆಗೆ ‘ಚಿಂತೆ ಬೇಡ, ನವಿಲು’ ಅಂತ ಬರೆದುಕೊಡುವುದು ತಮಾಷೆಯಲ್ಲ, ಪಾಪ. ಹೋದ ತಿಂಗಳುಗಳನ್ನು ಯಾವ ಥೆರಪಿಯವರೂ ತಂದುಕೊಡಲಾರರು. ಜಿಲ್ಲಾಸ್ಪತ್ರೆಯ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ) ಇರುವುದೇ ಇಂಥ ಮಕ್ಕಳಿಗಾಗಿ, ಅಲ್ಲಿ ದುಡ್ಡು ಕೇಳುವುದಿಲ್ಲ. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲೆಲ್ಲ ಮೊದಲು ನೋಡುವುದು ಮಗುವಿಗೆ ಕಿವಿ ಕೇಳುತ್ತದೋ ಇಲ್ಲವೋ ಅಂತ. ಬೆರಾ ಪರೀಕ್ಷೆಗೆ ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ ಕಿವಿಗೆ ಟಿಕ್ ಟಿಕ್ ಸದ್ದು ಬಿಡುತ್ತಾರೆ. ಮಗು ಗಾಢ ನಿದ್ದೆಯಲ್ಲಿರಬೇಕು. ಹಾಗಾಗಿ ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗದಂತೆ ಆಡಿಸುತ್ತ ಕರೆದೊಯ್ಯಿರಿ, ಅಲ್ಲಿ ಹೋದಮೇಲೆ ಹೊಟ್ಟೆತುಂಬ ಹಾಲು ಕೊಟ್ಟು ಮಲಗಿಸಿ. ಕೈ ಹೊದಿಕೆಯೊಳಗೇ ಇರಲಿ.